ಅಂಚು ಸೇರಿಸಿ ಅಳೆದ ಹಳಿ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗಲೆಲ್ಲ ಆ ವಾಸನೆಗೆ ಕೊಳ್ಳೇಗಾಲದ ನಮ್ಮ ಮಗ್ಗದ ಮನೆ ಕಣ್ಣಮುಂದೆ ಬರುತ್ತದೆ. ನೆಲದ ಮೇಲೆ ಗುಂಡಗೆ ಜೋಡಿಸಿದ ತಗಡಿನ ಹಳಿ, ಅದರ ಮೇಲೆ ಕೀಲಿ ಕೊಟ್ಟರೆ ಓಡುವ ಹಸಿರು ಎಂಜಿನ್. ಹಸಿರು ಎಂದು ಬರೆದಮೇಲೆ ಅನುಮಾನ, ಕೆಂಪಿದ್ದರೂ ಇದ್ದೀತು. ನನಗಾಗ ಒಂಬತ್ತೋ ಹತ್ತೋ. ತಾತ ಆಡಿದ ಮಾತೊಂದು ಮಾತ್ರ ಖಚಿತ ಎನ್ನಿಸುತ್ತದೆ. ಅದು ಖಚಿತವಾಗಿರಲಿ ಎಂಬ ಹಟ ಇದ್ದರೂ ಇರಬಹುದು.

ಎಂಜಿನ್ ತಂದವನು ಚಿಕ್ಕಪ್ಪ. ಆಗ ನಮ್ಮೂರು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಚೇರಿ ಕೆಲಸಕ್ಕೆ ಅವನು ಕೊಯಮತ್ತೂರಿಗೆ ಹೋಗಿಬರುತ್ತಿದ್ದ. ಎಂಜಿನ್ನಿಗೆ ಎಳೆಯಲು ಒಂದು ಡಬ್ಬಿಯೂ ಇರಲಿಲ್ಲ. ಅಂಗಡಿಯಲ್ಲಿ ಸಣ್ಣ ಅಳತೆಯವೂ ದೊಡ್ಡ ಅಳತೆಯವೂ ಇವೆ, ಹಳಿಯ ಅಗಲ ತಂದರೆ ಹೊಂದುವುದನ್ನು ಕೊಡುತ್ತಾರೆ ಎಂದ. ಅಳೆಯಲು ತಾತನೇ ಕೂತರು. ರೈಲನ್ನು ಅವರು ಕಂಡವರಲ್ಲ, ಆದರೆ ಸೀರೆಯ ಪನ್ನವನ್ನು, ಅಂದರೆ ಅಗಲವನ್ನು, ಅವರಷ್ಟು ಬಲ್ಲವರು ನಮ್ಮ ಬೀದಿಯಲ್ಲಿ ಇರಲಿಲ್ಲ. ನಾನು ರೇಷ್ಮೆ ಎಳೆಯನ್ನು ಎರಡು ಕಂಬಿಗಳ ನಡುವೆ, ಒಳಗಿನಿಂದ ಒಳಕ್ಕೆ ಹಿಡಿದೆ. ತಾತ ನನ್ನ ಕೈ ಮೇಲೆ ತಟ್ಟಿದರು. “ಅಂಚ ಬುಟ್ಟು ಯಾರಾರ ಪನ್ನ ಅಳ್ದಾರಾ ಕಣಮ್ಮಿ? ಎಲ್ಡು ಕಂಬೀನೂ ಸೇರ್ಸಿ ಇಡ್ಕೊ.” ಪಕ್ಕದಲ್ಲಿ ರಾಟೆ ತಿರುಗಿಸುತ್ತಿದ್ದ ಅತ್ತೆ, ತಾತನ ಮಗಳು, ನಕ್ಕಳು. “ರೈಲ್ಗೂ ಜರಿ ಅಂಚಾ ಅಪ್ಪಾ?” ಹೊರ ಅಂಚಿನಿಂದ ಹೊರ ಅಂಚಿಗೆ ಎಳೆ ಹಿಡಿದು, ಎರಡೂ ಕೊನೆಗೆ ಗಂಟು ಹಾಕಿ ಚಿಕ್ಕಪ್ಪನ ಜೇಬಿಗಿಟ್ಟೆವು.

ನಾಲ್ಕು ಡಬ್ಬಿಗಳು ಬಂದವು. ಬಾಗಿಲು ತೆರೆದು ಮುಚ್ಚುವಂಥವು, ಎಂಜಿನ್ನಿಗಿಂತ ಎತ್ತರ. ಹಳಿಯ ಮೇಲಿಟ್ಟರೆ ಒಂದು ಬದಿಯ ಗಾಲಿ ಕೂರುತ್ತಿತ್ತು, ಇನ್ನೊಂದು ಬದಿಯದು ಹೊರಗೆ ಜಾರುತ್ತಿತ್ತು. ಮಧ್ಯಾಹ್ನವೆಲ್ಲ ಒತ್ತಿದೆ, ಬಗ್ಗಿಸಿದೆ, ಬೆರಳು ಕೊಯ್ದುಕೊಂಡೆ. “ಆಡಿನ್ ಇಂದೆ ಎಮ್ಮ ಕಟ್ದಂಗಾಯ್ತಲ್ಲ!” ಎಂದು ಚಿಕ್ಕಪ್ಪ ನಕ್ಕ. ತಾತ ನಗಲಿಲ್ಲ. “ದಾರ ಸಡ್ಲ ಇಡ್ದವ್ಳು ಇವ್ಳೇ ಕಣ್ಲಾ. ಇನ್ನು ಇವ್ಳ ಕೈಗೆ ಕೊಡ್ಬ್ಯಾಡ ಅದ್ನ.” ನೀವೇ ಹೇಳಿದ್ದು ತಾತ ಎಂದು ಅರಚಿದೆ. ಅತ್ತೆಯ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ, ರಾಟೆ ತಿರುಗುತ್ತಲೇ ಇತ್ತು. ಅಂದೇ ಎಂಜಿನ್ ತಮ್ಮನ ಪಾಲಾಯಿತು, ಡಬ್ಬಿಗಳು ಅಟ್ಟ ಸೇರಿದವು.

ಹಳಿಯ ಅಗಲವನ್ನು ಒಳಮೈಯಿಂದ ಒಳಮೈಗೇ ಅಳೆಯುತ್ತಾರೆಂದು ಕಾಲೇಜಿನಲ್ಲಿ ಓದಿದ ದಿನ ಪುಸ್ತಕ ಹಿಡಿದು ಮನೆಗೆ ಓಡಬೇಕೆನ್ನಿಸಿತು. ಯಾರಿಗೆ ತೋರಿಸಲಿ? ತಾತ ತೀರಿಕೊಂಡಿದ್ದರು. ಮಗ್ಗಗಳನ್ನು ಬಿಚ್ಚಿ ಮಾರಿಯಾಗಿತ್ತು, ಆ ಮನೆ ಬೇರೆಯವರದಾಗಿತ್ತು. ತಾತನ ಆ ಮಾತು ಕೇಳಿದವರಲ್ಲಿ ಉಳಿದವಳು ಹನೂರಿನಲ್ಲಿದ್ದ ಅತ್ತೆ ಒಬ್ಬಳೇ. ರಜೆಯಲ್ಲಿ ಅವಳಲ್ಲಿಗೆ ಹೋದೆ. ಊಟ ಬಡಿಸಿದಳು, ಮಜ್ಜಿಗೆಗೆ ಉಪ್ಪು ಸಾಕಾ ಎಂದು ಎರಡು ಸಲ ಕೇಳಿದಳು. ನಾನು ಕೇಳಿದ್ದಕ್ಕೆ ಅವಳು ಆವತ್ತೂ ಏನೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

“ತಾತ ನನ್ನ ಬೈಯುವಾಗ ನೀನ್ಯಾಕೆ ಬಾಯಿ ಬಿಡಲಿಲ್ಲ ಅತ್ತೆ?”