ಹನ್ನೆರಡನೆಯ ಚೆಂಡಿಗೆ ಹೊಡೆದ ಗಂಟೆ

ಅಮೆರಿಕದ ನಮ್ಮ ಬಫಲೋ ಊರಿನಲ್ಲಿ ಅರವತ್ತು ದಾಟಿದ ಯಾರ ಮುಂದೆಯಾದರೂ, ಟೀವಿಯಲ್ಲಿ ಮೊದಮೊದಲು ಬೌಲಿಂಗ್, ಅದೇ ಚೆಂಡು ಉರುಳಿಸಿ ಮರದ ಪಿನ್ನು ಬೀಳಿಸುವ ಆಟ, ಬರುತ್ತಿದ್ದ ಶನಿವಾರಗಳ ಮಾತು ತೆಗೆದು ನೋಡಿ. ಮುಖ ಅರಳುತ್ತದೆ. ಕಪ್ಪು ಬಿಳುಪಿನ ಪುಟ್ಟ ಪರದೆ, ಟೈ ಕಟ್ಟಿಕೊಂಡು ಚೆಂಡು ಉರುಳಿಸುವ ಆಟಗಾರರು, ಚರ್ಚಿನಲ್ಲಿ ಕೂತವನಂತೆ ಪಿಸುಗುಡುವ ನಿರೂಪಕ, ಎಲ್ಲವನ್ನೂ ನೆನೆದು ಹಿಗ್ಗುತ್ತಾರೆ. ನಮ್ಮ ಅತ್ತಿಗೆ ವಾಲೇರಿಯಾ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅವಳಿಗೆ ಬೌಲಿಂಗ್ ಎಂದರೆ ಆಗದು ಎಂದು ಜನ ತಿಳಿದಿದ್ದರು. ಅದು ಹೆದರಿಕೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ನಮ್ಮಣ್ಣ ಕ್ಯಾಜ್ ಆಟಗಾರನಲ್ಲ, ಬೌಲಿಂಗ್ ಸೆಂಟರಿನ ಮೆಕ್ಯಾನಿಕ್. ಬಿದ್ದ ಪಿನ್ನುಗಳನ್ನು ಗುಡಿಸಿ ಹೊಸದಾಗಿ ಹತ್ತು ಪಿನ್ನು ನಿಲ್ಲಿಸುವ ದೊಡ್ಡ ಯಂತ್ರಗಳು ಆಗಷ್ಟೇ ಬಂದಿದ್ದವು. ಅವುಗಳ ಹಿಂದಿನ ಕತ್ತಲ ಓಣಿಯಲ್ಲಿ ಗ್ರೀಸು ಬಳಿದುಕೊಂಡು ನಿಂತಿರುವುದು ಅವನ ಕೆಲಸ. ಅವನಿಗಿಂತ ಮೊದಲು ಅಲ್ಲಿದ್ದ ರೂಡಿ ಎಂಬವನ ಮೂರು ಬೆರಳು ಯಂತ್ರದ ಪಾಲಾಗಿದ್ದವು. ಭಾನುವಾರ ಅವನು ಉಳಿದ ಎರಡು ಬೆರಳಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ನಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಅತ್ತಿಗೆಯ ಕಣ್ಣು ಪಾದ್ರಿಯ ಮೇಲಿರುತ್ತಿರಲಿಲ್ಲ, ಆ ಕೈಯ ಮೇಲಿರುತ್ತಿತ್ತು.

ಒಳಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಬೇಕು. ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದರು. ಆದರೆ ಟೀವಿಯ ದಿನ ಆ ಗೋಡೆಯನ್ನು ಯಾರೂ ಓದುತ್ತಿರಲಿಲ್ಲ. ಯಂತ್ರ ಆರಿಸಿ ಮತ್ತೆ ಹಚ್ಚುವ ಹೊತ್ತಿಗೆ ಇಡೀ ಊರು ಖಾಲಿ ಪರದೆ ನೋಡುತ್ತಾ ಕೂರಬೇಕಲ್ಲ. ಸಾಲದ್ದಕ್ಕೆ ನಮ್ಮವರ ನೇಮ ಬೇರೆ. ಒಂದೇ ಚೆಂಡಿಗೆ ಹತ್ತೂ ಪಿನ್ನು ಬೀಳುವುದು ಸ್ಟ್ರೈಕ್. ಅಂಥವು ಸಾಲಾಗಿ ಹನ್ನೆರಡು ಬಿದ್ದರೆ ಮುನ್ನೂರು, ಅದಕ್ಕಿಂತ ಮೇಲೆ ಅಂಕವೇ ಇಲ್ಲ. ಯಾರಿಗಾದರೂ ಸ್ಟ್ರೈಕ್ ಮೇಲೆ ಸ್ಟ್ರೈಕ್ ಬೀಳತೊಡಗಿತೋ, ಅವನನ್ನು ಯಾರೂ ಮಾತಾಡಿಸುವಂತಿಲ್ಲ. ಕೂತವರು ಜಾಗ ಬದಲಿಸುವಂತಿಲ್ಲ. ಕೌಂಟರಿನ ಇರ್ಮಾ ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಡಬೇಕು. ಮೆಕ್ಯಾನಿಕ್ ಯಂತ್ರ ಆರಿಸುವುದಂತೂ ಮಹಾಪಾಪ, ಆಟಗಾರನ ಕೈ ಅಲ್ಲಿಗೇ ತಣ್ಣಗಾಗುತ್ತದಂತೆ.

ಹಾಗಾಗಿ ಶನಿವಾರ ಮಧ್ಯಾಹ್ನ ಅಣ್ಣನ ಮನೆಯಲ್ಲಿ ಎರಡು ಆಟ ನಡೆಯುತ್ತಿದ್ದವು. ಬೀದಿಯಲ್ಲಿ ಟೀವಿ ಇದ್ದದ್ದು ಅಲ್ಲಿ ಮಾತ್ರ, ನೆರೆಹೊರೆಯವರೆಲ್ಲ ಸಾಸೇಜು ತಿನ್ನುತ್ತಾ ಚೆಂಡು ನೋಡುತ್ತಿದ್ದರು. ಅತ್ತಿಗೆ ನೋಡುತ್ತಿದ್ದದ್ದು ಪಿನ್ನುಗಳ ಮುಂದೆ ಇಳಿದು ಗುಡಿಸಿ ಮೇಲೇಳುವ ಅಡ್ಡಪಟ್ಟಿಯನ್ನು. ಇಳಿದದ್ದು ಎದ್ದರೆ ಉಸಿರು ಬಿಡುತ್ತಿದ್ದಳು. ಎಲ್ಲೋ ಒಮ್ಮೊಮ್ಮೆ ಪಟ್ಟಿ ಅಲ್ಲೇ ನಿಲ್ಲುತ್ತಿತ್ತು. ಆಗ ಅದರ ಹಿಂದೆ ಅಣ್ಣನ ಕೈ ಒಳಗಿದೆ ಎಂದು ಲೆಕ್ಕ. ಅವಳ ಬೆರಳು ನನ್ನ ತೋಳಿಗೆ ಕಚ್ಚಿಕೊಳ್ಳುತ್ತಿತ್ತು. ಭಾನುವಾರ ನಾನು ಉದ್ದ ತೋಳಿನ ಅಂಗಿ ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದೆ.

ಐವತ್ತೊಂಬತ್ತನೆಯ ಇಸವಿಯ ಚಳಿಗಾಲ. ಡೆಲ್ಬರ್ಟ್ ಎಂಬ ಲಾರಿ ಡ್ರೈವರ್ ಆಡುತ್ತಿದ್ದ. ಹನ್ನೊಂದು ಸ್ಟ್ರೈಕ್ ಸಾಲಾಗಿ ಬಿದ್ದವು. ನಮ್ಮ ಊರಿನ ಟೀವಿಯಲ್ಲಿ ಅಲ್ಲಿಯವರೆಗೆ ಯಾರೂ ಮುನ್ನೂರು ಹೊಡೆದಿರಲಿಲ್ಲ. ಅಡ್ಡಪಟ್ಟಿ ಇಳಿಯಿತು. ಇಳಿದದ್ದು ಅಲ್ಲೇ ನಿಂತಿತು.

“ಸ್ವಲ್ಪ ತಡವಾಗ್ತಿದೆ,” ಎಂದು ನಿರೂಪಕ ಪಿಸುಗುಟ್ಟಿದ.

“ಕ್ಯಾಜ್ ಇದ್ದಾನೆ ಬಿಡ್ರೋ, ಬರಿಗೈಲಿ ಎತ್ತಿ ಬಿಸಾಕ್ತಾನೆ!” ಎಂದರು ಯಾರೋ. ಎಲ್ಲರೂ ನಕ್ಕರು. ನನಗೆ ಅವರ ಬಾಯಿಗೆ ಸಾಸೇಜು ತುರುಕುವಷ್ಟು ಸಿಟ್ಟು ಬಂತು.

ಪಟ್ಟಿ ಏಳಲಿಲ್ಲ. ಅತ್ತಿಗೆ ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋದೆ. ಗೋಡೆಯ ಫೋನಿನಲ್ಲಿ ಸೆಂಟರಿನ ನಂಬರ್ ತಿರುಗಿಸುತ್ತಿದ್ದಳು.

“ಏನ್ ಮಾಡ್ತಿದ್ದೀಯ ಅತ್ತಿಗೆ? ಈಗ ಫೋನಾ?”

“ಸ್ವಿಚ್ ಆರ್ಸು ಅಂತ ಹೇಳ್ತೀನಿ. ಇರ್ಮಾ ಎತ್ಲಿ ಸಾಕು.”

“ಸಾಯ್ಸಿಬಿಡ್ತಾರೆ ಕಣೇ ನಿನ್ನ!”

“ಸಾಯ್ಸ್ಲಿ.”

ಕೊನೆಯ ಅಂಕಿ ತಿರುಗಿ ವಾಪಸು ಬರುವಷ್ಟರಲ್ಲಿ ಹೊರಗೆ ಚಪ್ಪಾಳೆ. ಬಾಗಿಲಿನಿಂದ ನೋಡಿದೆ. ಪಟ್ಟಿ ಎದ್ದಿತ್ತು, ಹತ್ತು ಪಿನ್ನು ಬೆಳ್ಳಗೆ ನಿಂತಿದ್ದವು. ಡೆಲ್ಬರ್ಟ್ ಚೆಂಡೆತ್ತಿಕೊಂಡು ಹೆಜ್ಜೆ ಹಾಕಿದ. “ಇಡು, ಇಡು!” ಎಂದೆ. ಅತ್ತಿಗೆ ಕಲ್ಲಾಗಿದ್ದಳು, ರಿಸೀವರ್ ಕಿವಿಗೆ ಅಂಟಿಕೊಂಡಿತ್ತು. ಆಗ ನಮ್ಮ ಟೀವಿಯೊಳಗೆ ಫೋನು ಹೊಡೆಯಿತು. ಆ ನಿಶ್ಶಬ್ದದಲ್ಲಿ ಬೆಂಕಿ ಬಿದ್ದಾಗ ಬಾರಿಸುವ ಗಂಟೆಯಂತೆ ಕೇಳಿಸಿತು. ಇರ್ಮಾ ಆ ದಿನ ರಿಸೀವರ್ ತೆಗೆದಿಡಲು ಮರೆತಿದ್ದಳು. ಡೆಲ್ಬರ್ಟನ ಭುಜ ಒಂದಿಷ್ಟು ಅಲುಗಿತು, ಚೆಂಡು ಕೈಬಿಟ್ಟಿತು. ಒಂಬತ್ತು ಪಿನ್ನು ಬಿದ್ದವು. ಮೂಲೆಯ ಒಂದು ತೂಗಾಡಿ, ತೂಗಾಡಿ, ನಿಂತೇಬಿಟ್ಟಿತು. ಇನ್ನೂರ ತೊಂಬತ್ತೊಂಬತ್ತು.

ಸಂಜೆ ಅಣ್ಣ ಬಂದ. ಹತ್ತು ಬೆರಳೂ ಇದ್ದವು. ಬಾಯಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ.

“ಯಾವ ಮುಂಡೇದೋ ಫೋನ್ ಮಾಡಿದ್ದು! ಸಿಕ್ರೆ ಕುತ್ತಿಗೆ ಹಿಸುಕ್ತೀನಿ.”

ಅತ್ತಿಗೆ ತಟ್ಟೆಗೆ ಕಡುಬು ಬಡಿಸುತ್ತಾ ಕೇಳಿದಳು, “ಸ್ವಿಚ್ ಆರ್ಸಿದ್ಯಾ?”

“ಆರ್ಸಿದ್ದೆ ಮಾರಾಯ್ತಿ.”

ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಆದರೆ ಕೈ ಹೊರಗೆ ಬಂದು, ಯಂತ್ರ ಸರಿಹೋದ ಮೇಲೆ ತನ್ನ ಫೋನು ಹೊಡೆದದ್ದೂ ಗೊತ್ತಿತ್ತು. ಯಾರ ಉಪಯೋಗಕ್ಕೂ ಬಾರದೆ, ಗಂಡನ ಯಂತ್ರದ ಮುಂದೆ ಬೀಳಬೇಕಿದ್ದ ಊರಿನ ಮೊದಲ ಮುನ್ನೂರನ್ನು, ಅವನ ಜೀವಮಾನದ ದೊಡ್ಡ ದಿನವನ್ನು ಹಾಳು ಮಾಡಿದೆ ಎಂದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಅಲ್ಲಿಂದಾಚೆಗೆ ಮನೆಯಲ್ಲಿ ಫೋನು ಹೊಡೆದರೆ ಬೆಚ್ಚುತ್ತಿದ್ದಳು. ಅಣ್ಣ ಪ್ರತಿ ಕ್ರಿಸ್ಮಸ್ಸಿಗೂ ಎರಡು ಗ್ಲಾಸು ಇಳಿಸಿ ಆ ಕಥೆ ಹೇಳುತ್ತಿದ್ದ, ಕೊನೆಗೆ ಅದೇ ಬೈಗುಳ. ನಾನು ಅತ್ತಿಗೆಯ ಮುಖ ನೋಡದೆ ಗೋಡೆ ನೋಡುತ್ತಿದ್ದೆ.

ಮೂವತ್ತೊಂಬತ್ತು ವರ್ಷ ಹೀಗೇ ಕಳೆಯಿತು. ಹೋದ ವರ್ಷ ಸೆಂಟರ್ ಮುಚ್ಚುವ ಸುದ್ದಿ ಬಂತು. ಕೊನೆಯ ಶನಿವಾರ ಹಳೆಯ ಆಟದ ಫಿಲಂ ತೋರಿಸುತ್ತಾರಂತೆ, ಅದೂ ಡೆಲ್ಬರ್ಟನ ಆಟ. ಅತ್ತಿಗೆ ಮೂರು ದಿನ ಊಟ ಮಾಡಲಿಲ್ಲ.

“ಆ ಗಂಟೆ ಕೇಳ್ಸುತ್ತೆ ಕಣೇ. ಪಕ್ದಲ್ಲಿ ಅವನು ಕೂತಿರ್ತಾನೆ. ನನ್ ಮುಖ ನೋಡಿದ್ರೆ ಸಾಕು, ಗೊತ್ತಾಗ್ಬಿಡುತ್ತೆ.”

“ಗೊತ್ತಾದ್ರೆ ಏನೀಗ? ಈ ವಯಸ್ನಲ್ಲಿ ಕುತ್ತಿಗೆ ಹಿಸುಕ್ತಾನಾ?”

“ಮಾತು ಬಿಟ್ಬಿಡ್ತಾನೆ. ಅದು ಸಾಕಲ್ವಾ?”

ಹೋದೆವು. ಬೇರೆ ದಾರಿ ಇರಲಿಲ್ಲ. ದೀಪ ಆರಿತು. ಅತ್ತಿಗೆಯ ಬೆರಳು ಮತ್ತೆ ನನ್ನ ತೋಳಿಗೆ ಕಚ್ಚಿಕೊಂಡಿತು. ಪರದೆಯ ಮೇಲೆ ಡೆಲ್ಬರ್ಟ್ ಓಡಾಡಿದ, ಪಿನ್ನು ಉರುಳಿದವು, ಸದ್ದೇ ಇಲ್ಲ. ಫಿಲಮ್ಮಿನ ದನಿ ಯಾವಾಗಲೋ ಹಾಳಾಗಿತ್ತಂತೆ. ಪಟ್ಟಿ ನಿಂತಿತು, ಎದ್ದಿತು, ಕೊನೆಯ ಚೆಂಡು ಉರುಳಿತು, ಮೂಲೆಯ ಪಿನ್ನು ಉಳಿಯಿತು. ಗಂಟೆಯಿಲ್ಲ. ಅತ್ತಿಗೆಯ ಕೈ ಸಡಿಲವಾಯಿತು. ಬಚಾವಾದಳು ಎಂದುಕೊಂಡೆ.

ದೀಪ ಹತ್ತಿತು. “ಏನಮ್ಮಾ ಇರ್ಮಾ, ಇವತ್ತಾದ್ರೂ ರಿಸೀವರ್ ತೆಗೆದಿಟ್ಯಾ?” ಎಂದು ಯಾರೋ ಕೂಗಿದರು. ಎಲ್ಲರೂ ಹೋ ಎಂದರು. ಇರ್ಮಾ ಮುಂದಿನ ಸಾಲಿನಲ್ಲಿದ್ದಳು, ಎಂಬತ್ತಾಗಿತ್ತು. ಇಷ್ಟು ವರ್ಷ ಈ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದವಳು ಅಂದು ನಗಲಿಲ್ಲ. ಕೈಚೀಲದಲ್ಲಿ ಕರವಸ್ತ್ರ ಹುಡುಕಿದಳು.

ಅತ್ತಿಗೆ ಎದ್ದು ನಿಂತಳು. ನಾನು ಅಂಗಿ ಹಿಡಿದು ಜಗ್ಗಿದೆ. ಕೈ ಕೊಡವಿದಳು.

“ಅವ್ಳನ್ನ ಯಾಕ್ ಅಳಿಸ್ತೀರ? ಫೋನ್ ಮಾಡಿದ್ದು ನಾನು.”

ನಗು ನಿಂತಿತು. ಅಣ್ಣ ಅವಳ ಕಡೆ ತಿರುಗಲಿಲ್ಲ. ಎದ್ದು, ಊರುಗೋಲು ಕುಟ್ಟುತ್ತಾ, ಯಂತ್ರಗಳ ಹಿಂದಿನ ಓಣಿಗೆ ಹೋದ. ಅತ್ತಿಗೆ ಹೋದಳು. ನಾನೂ ಹೋದೆ. ಅವಳನ್ನು ಅವನೊಬ್ಬನ ಜೊತೆ ಬಿಡುವ ಧೈರ್ಯ ನನಗಿರಲಿಲ್ಲ.

ಅಣ್ಣ ಒಂದು ಯಂತ್ರದ ಮೇಲೆ ಅಂಗೈ ಊರಿ ನಿಂತಿದ್ದ.

“ಪಟ್ಟಿ ಎದ್ಮೇಲೆ ತಾನೇ ಫೋನ್ ಹೊಡ್ದಿದ್ದು?” ಎಂದ.

“ಹೂಂ. ಅಷ್ಟೊತ್ಗೆ ನಿನ್ ಕೈ ಹೊರಗಿತ್ತು. ಗೊತ್ತು. ಸುಮ್ಸುಮ್ನೆ ಹಾಳು ಮಾಡ್ದೆ.”

“ಹೊರಗಿರ್ಲಿಲ್ಲ.”

ಅತ್ತಿಗೆ ಅವನ ಕೈಯ ಕಡೆ ನೋಡಿದಳು.

“ಸ್ಪ್ಯಾನರ್ ಒಳಗೇ ಮರ್ತಿದ್ದೆ. ತಗೊಳ್ಳೋಕೆ ಮತ್ತೆ ಕೈ ಹಾಕ್ದೆ, ಇಲ್ಲೀವರ್ಗೂ.” ಮೊಣಕೈಯ ಮೇಲೆ ಮುಟ್ಟಿ ತೋರಿಸಿದ. “ಡೆಲ್ಬರ್ಟ್ ಚೆಂಡು ಎತ್ತಿರೋದು ನೋಡ್ಲೇ ಇಲ್ಲ. ಆಗ ಗಂಟೆ ಹೊಡೀತು. ಇಲ್ಲೂ ಅದೇ ಲೈನಿನ ಒಂದು ಫೋನಿತ್ತಲ್ಲ, ಹೊಡೆದ್ರೆ ಕೆಲ್ಸ ಬಿಟ್ಟು ಎತ್ತೋಕೆ ಓಡ್ಬೇಕು, ಅಭ್ಯಾಸ. ಕೈ ಎಳ್ಕೊಂಡು ತಿರುಗ್ದೆ. ಚೆಂಡು ಬಂದು ಬಡೀತು, ಯಂತ್ರ ಇಳೀತು. ಸ್ಪ್ಯಾನರ್ ಬಗ್ಗಿಹೋಯ್ತು ಕಣೇ, ಕಬ್ಬಿಣದ್ದು.”

“ಇಷ್ಟು ವರ್ಷ ಬೈತಿದ್ಯಲ್ಲ!”

“ಮತ್ತೇನು ಹೇಳ್ಲಿ? ನಿಜ ಹೇಳಿದ್ರೆ ಮಾರನೇ ಶನಿವಾರ ಕೆಲ್ಸಕ್ಕೆ ಕಳಿಸ್ತಿದ್ಯಾ?” ಮುಖ ಒರೆಸಿಕೊಂಡ. “ಆ ಗಂಟೆ ಹೊಡ್ದಿದ್ದು ನನ್ಗೇ ಅಂದ್ಕೊಂಡೆ.”

“ನಿನ್ಗೇ,” ಎಂದಳು ಅತ್ತಿಗೆ.