ಫೆಬ್ರವರಿಯ ಮೊಗ್ಗುಗಳು

ಕಳವಾರದ ಪಕ್ಕ ನಮ್ಮಕ್ಕ ಪಾಲಿಹೌಸ್‌ನಲ್ಲಿ ಕೆಂಪು ಗುಲಾಬಿ ಬೆಳೆಯುತ್ತಿದ್ದಳು. ಪ್ರೇಮಿಗಳ ದಿನಕ್ಕೆ ಸರಿಯಾಗಿ ಮೊಗ್ಗು ಬರುವಂತೆ ಗಿಡದ ರೆಂಬೆ ಸವರುವುದು, ಬಿಚ್ಚಿಕೊಳ್ಳದಂತೆ ಪ್ರತಿ ಮೊಗ್ಗಿಗೂ ಬಲೆಯ ಟೋಪಿ ಹಾಕಿಸುವುದು ಅವಳದೇ ಕೆಲಸ. ಅರಳಿದ ಹೂವನ್ನು ವ್ಯಾಪಾರಿ ಕೊಳ್ಳುವುದಿಲ್ಲ. ದೂರದ ಊರಿನಲ್ಲಿ ಯಾರದೋ ಕೈ ಸೇರಿದ ಮೇಲೆ ಅದು ಅರಳಬೇಕು.

ಪ್ರೇಮಿಗಳ ದಿನದ ಹಿಂದಿನ ವಾರ ಅಕ್ಕ ಎದೆನೋವಿನಿಂದ ತೀರಿಕೊಂಡಳು. ಮುತ್ತೈದೆಯಾಗಿ ಹೋದವಳಿಗೆ ತಲೆತುಂಬ ಹೂ ಮುಡಿಸಬೇಕೆಂದು ಚಿಕ್ಕಬಳ್ಳಾಪುರದ ಮಾರುಕಟ್ಟೆಯಿಂದ ಸೇವಂತಿಗೆ ತಂದಿದ್ದೆವು. ಭಾವ ಅದನ್ನು ನೋಡಿ, "ಅವಳು ಬೆಳೆದಿದ್ದೇ ಮುಡಿಸಣಪ್ಪ" ಎಂದು ನನ್ನನ್ನು ಪಾಲಿಹೌಸಿಗೆ ಕರೆದೊಯ್ದರು. ಸಂಜೆಗೆ ಲಾರಿ ಬರುವುದಿತ್ತು. ಒಳಗೆ ಕೊಯ್ಲು ನಿಂತಿರಲಿಲ್ಲ.

ಕೊಯ್ಯುತ್ತಿದ್ದ ಹೆಂಗಸನ್ನು ಭಾವ ಕೇಳಿದರು: "ಅರಳಿರೋದು ಒಂದಾದ್ರೂ ಐತೇನಮ್ಮಾ?"

"ಎಲ್ಲಿಂದ ಬರ್ಬೇಕಣ್ಣಾ? ಒಂದು ಅರಳಿದ್ರೂ ಅಕ್ಕ ನಮ್ಮನ್ನ ಬಿಡ್ತಿದ್ರಾ? 'ನಿನ್ ಮದುವೆಗೆ ಇಟ್ಕೊಂಡಿದ್ದೀಯೇನೇ' ಅಂತ ಬೈತಿದ್ರು." ಅವಳು ನಗಲು ಹೋಗಿ ಅತ್ತಳು.

ಸಾಲು ಸಾಲಾಗಿ ಹುಡುಕಿದೆವು. ಸಿಗಲಿಲ್ಲ. ಕೊನೆಗೆ ಭಾವ ಒಂದು ಮೊಗ್ಗು ಕಿತ್ತು, ಟೋಪಿ ತೆಗೆದು, ಬೆರಳಿನಿಂದ ಎಸಳು ಬಿಡಿಸತೊಡಗಿದರು. ಹೊರಗಿನವು ಹರಿದವು, ಒಳಗಿನವು ಬಿಚ್ಚಲೇ ಇಲ್ಲ. ಇನ್ನೊಂದು ಕಿತ್ತರು. ಅದೂ ಹಾಗೇ ಆಯಿತು. ಮೂರನೆಯದನ್ನು ಕಿತ್ತು, ಬಿಡಿಸಲು ಹೋಗದೆ, ಮುಚ್ಚಿದ ಮೊಗ್ಗನ್ನೇ ತಂದು ಅಕ್ಕನ ಮುಡಿಗೆ ಸಿಕ್ಕಿಸಿದರು.

ಭಾವ ಅಕ್ಕನಿಗೆ ಗುಲಾಬಿ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.