ಬಸ್ಸಿನ ಮುಂದೆ ನಿಂತವರು

ನಾನು ನಿಂತಿದ್ದದ್ದು ಬಾತಿಯ ಹತ್ತಿರ, ಹರಿಹರದ ರಸ್ತೆಯಲ್ಲಿರುವ ನಮ್ಮ ಕಾಲೇಜಿನ ಗೇಟಿನ ಎಡಕ್ಕೆ, ಬೇವಿನ ಮರದ ಕೆಳಗೆ. ಕೆಲಸಕ್ಕೆ ಸೇರಿದ ಮೊದಲ ದಿನ, ಸಂಜೆ ಕಾಲೇಜು ಬಿಟ್ಟ ಹೊತ್ತು. ನರೆಗೂದಲಿನ ಹೆಂಗಸೊಬ್ಬರು ರಸ್ತೆಗಿಳಿದು, ಎರಡೂ ಕೈ ಅಗಲಿಸಿ ಬಸ್ಸು ನಿಲ್ಲಿಸಿದರು. ಹುಡುಗಿಯರು ಓಡಿ ಹತ್ತಿದರು. ಆ ಹೆಂಗಸು ಬೆಳಿಗ್ಗೆ ನನಗೆ ನೇಮಕದ ಆದೇಶ ಕೊಟ್ಟಿದ್ದ ಪ್ರಿನ್ಸಿಪಾಲ್ ಸರ್ವಮಂಗಳಾ ಮೇಡಂ.

ಅಂಕೋಲೆಯ ಕಡೆ ನಾನು ಮೊದಲು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೋಣೆಯ ಗಂಟೆ ಬಾರಿಸಿದರೆ ನಾವು ಎದ್ದು ಹೋಗುತ್ತಿದ್ದೆವು. ಇಲ್ಲಿ ಪ್ರಿನ್ಸಿಪಾಲರೇ ನಮ್ಮ ಕೋಣೆಗೆ ಬಂದು, ಸಿಕ್ಕ ಸ್ಟೂಲಿನ ಮೇಲೆ ಕೂತು, "ಪಾಠ ಮಾಡಾಕ ಏನ್ ಅಡ್ಡಿ ಐತ್ರಿ?" ಎಂದು ಕೇಳುತ್ತಿದ್ದರು. ಊಟದ ನಂತರದ ತರಗತಿ, ಹುಡುಗರೆಲ್ಲ ತೂಕಡಿಸುವ ಹೊತ್ತಿನದು, ಯಾರಿಗೂ ಬೇಡವಾದದ್ದು. ಅದನ್ನು ಅವರೇ ಇಟ್ಟುಕೊಂಡಿದ್ದರು.

ಮನೆ ಸಿಕ್ಕಿದ್ದು ವಿನೋಬನಗರದಲ್ಲಿ. ಮಾಲೀಕರು ಊರು ಕೇಳಿದ ಮರುಕ್ಷಣ, "ಮೀನು ಬೇಯಸ್ತೀರೇನ್ರಿ?" ಎಂದರು. ಇಲ್ಲವೆಂದೆ. ರವಿವಾರ ಹರಿಹರಕ್ಕೆ ಹೋಗಿ ಹೊಳೆಮೀನು ತಿಂದು ಬರುತ್ತಿದ್ದೆ. ಸಮುದ್ರದ ಮೀನಿನ ರುಚಿ ಅದಕ್ಕಿರಲಿಲ್ಲ, ಆದರೂ ಹೋಗುತ್ತಿದ್ದೆ. ಸಂಜೆಗೆ ಗೇಟಿನ ಬಳಿ ನಿಂಗಮ್ಮನ ಗಾಡಿಯ ಮಂಡಕ್ಕಿ, ಮಿರ್ಚಿ. "ಖಾರ ತಿನ್ನಾಕ ಬರಲ್ಲ, ಮೇಷ್ಟ್ರು ಹೆಂಗಾದ್ರಿ ನೀವು?" ಎಂದು ಅವಳು ನಗುತ್ತಿದ್ದಳು. ಇಡೀ ದಿನದಲ್ಲಿ ಪಾಠದ ಹೊರಗೆ ನಾನು ಆಡುತ್ತಿದ್ದ ಮಾತು ಹೆಚ್ಚಾಗಿ ಅವಳೊಂದಿಗೇ.

ಬಸ್ಸಿನ ವಿಷಯ ಹೀಗೆ. ಸಂಜೆಯ ಬಸ್ಸುಗಳು ತುಂಬಿ ಬರುತ್ತವೆ. ಪಾಸಿನ ಹುಡುಗಿಯರು ಕಂಡರೆ ಮುಂದೆ ಹೋಗಿಬಿಡುತ್ತವೆ. ನಿಂತರೂ ಅರ್ಧ ಜನ ಕೆಳಗಿರುವಾಗಲೇ ಸೀಟಿ ಊದುತ್ತಾರೆ. ಅದಕ್ಕೆ ಮೇಡಂ, ಕೊನೆಯವಳು ಹತ್ತುವ ತನಕ ಬಸ್ಸಿನ ಮುಂದೆಯೇ ನಿಲ್ಲುತ್ತಿದ್ದರು.

ಕಂಡಕ್ಟರ್ ಹನುಮಂತಪ್ಪ ಕಿಟಕಿಯಿಂದ ಕೂಗುತ್ತಿದ್ದ: "ಮೇಡಂ, ನೀವು ಹಿಂಗ್ ನಿಂತ್ರೆ ಬಸ್ಸು ಹರಿಹರಕ್ಕೆ ನಾಳೆ ಮುಟ್ತೈತ್ರಿ!"

"ನಾಳೆ ಮುಟ್ಲಪ್ಪ. ನನ್ ಹುಡುಗೀರನ್ನ ಇವತ್ತೇ ಹತ್ತಿಸ್ಕೋ."

ಇದು ಪ್ರಿನ್ಸಿಪಾಲರ ಕೆಲಸವೇ ಎಂದು ಒಮ್ಮೆ ಕೇಳಿದ್ದೆ. "ಹುಡುಗಿ ಕತ್ಲಾಗೋದ್ರೊಳಗೆ ಮನಿ ಮುಟ್ಲಿಲ್ಲ ಅಂದ್ರೆ ಅವ್ರಪ್ಪ ಕಾಲೇಜ್ ಬಿಡಸ್ತಾನೆ. ಆಮ್ಯಾಲೆ ನಾನು ಯಾರಿಗ್ರಿ ಪ್ರಿನ್ಸಿಪಾಲು?" ಎಂದರು.

ಕಳೆದ ಮಾಗಿಯ ಒಂದು ಸಂಜೆ ಅದೇ ಮರದ ಕೆಳಗಿದ್ದೆ. ಹನುಮಂತಪ್ಪನ ಬಸ್ಸು ನಿಂತಿತ್ತು. ಕೊನೆಗೆ ಹತ್ತಿದವಳು ಬಿ.ಎ. ಓದುವ ಹರಿಹರದ ಶಬಾನಾ. ಅವಳು ಒಳಗೆ ಹೋದದ್ದನ್ನು ನೋಡಿಕೊಂಡು, ಬಸ್ಸಿಗೆ ದಾರಿ ಬಿಡಲು ಮೇಡಂ ಅದರ ಬಲಕ್ಕೆ, ರಸ್ತೆಯ ನಡುವಿನ ಕಡೆಗೆ ಸರಿದರು. ಬಸ್ಸನ್ನು ಹಿಂದಿಕ್ಕಿ ಬಂದ ಸರಕಿನ ವಾಹನ ಅವರಿಗೆ ಬಡಿಯಿತು. ನಾನು ಅವರತ್ತ ಓಡಿದೆ ಎಂದು ಜನ ಹೇಳುತ್ತಾರೆ. ನನಗೆ ನೆನಪಿರುವುದು ನಿಂಗಮ್ಮನ ಬಾಣಲೆಯ ಎಣ್ಣೆಯ ಸದ್ದು. ಆಸ್ಪತ್ರೆ ಮುಟ್ಟುವುದರೊಳಗೆ ಮೇಡಂ ಹೋಗಿದ್ದರು.

ಮೂರನೆಯ ದಿನ ಆವರಗೆರೆಯ ಅವರ ಮನೆಗೆ ಹೋದೆ. ಅವರ ತಾಯಿ ಗೋಡೆಗೆ ಒರಗಿದ್ದರು. "ಕಾಲೇಜಿನೋರು ಬಂದು, ಮನಿಗೆ ಬರಾಕ ರಸ್ತೆ ದಾಟ್ತಿದ್ಲು ಅಂದ್ರಪ್ಪ. ಹಂಗಾ? ನನ್ ಮಗಳು ಕೆಲ್ಸದ ಮ್ಯಾಲೆ ಇರ್ಲಿಲ್ವಾ?"

"ಇದ್ರು ಅಮ್ಮ."

"ಅದನ್ನ ಅವ್ರ ಮುಂದೆ ಹೇಳ್ತೀಯಾ?"

ಹೇಳುತ್ತೇನೆಂದೆ. ಮರುದಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಕರೆಸಿದರು. ಚಹಾ ತರಿಸಿದರು. "ಕೂಡ್ರಿ ಸರ್. ರಸ್ತೆ ಮ್ಯಾಲೆ ಬಸ್ ನಿಲ್ಸೋದು ಪ್ರಿನ್ಸಿಪಾಲ್ರ ಕೆಲ್ಸ ಅಂತ ಯಾವ ರೂಲಿನ್ಯಾಗೈತೆ? ಕೆಲ್ಸದ ಮ್ಯಾಲೆ ಹೋದ್ರು ಅಂದ್ರೆ ಪರಿಹಾರ ಮಂಡಳಿ ತಲಿ ಮ್ಯಾಲೆ ಬರ್ತೈತೆ. ಮನಿಗೆ ಹೊಂಟಿದ್ರು ಅಂತ ಹೇಳಿಕೆ ಕೊಡ್ರಿ, ಮುಗೀತು. ನೀವು ಹೊರಗಿನೋರು. ಇವತ್ತು ಇರ್ತೀರಿ, ನಾಳೆ ನಿಮ್ಮೂರಿಗೆ ಹೋಗ್ತೀರಿ. ನಿಮಗ್ಯಾಕ ಬೇಕು?"

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಚಹಾ ಕೆನೆಗಟ್ಟುವುದನ್ನು ನೋಡುತ್ತ ಕೂತೆ. ಆಮೇಲೆ, ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ ಎಂದು ಎದ್ದೆ. ಪೊಲೀಸರ ಮುಂದೆಯೂ, ವಿಚಾರಣೆಗೆ ಬಂದವರ ಮುಂದೆಯೂ ಅದನ್ನೇ ಹೇಳಿದೆ: ಅವರು ಕೆಲಸ ಮುಗಿಸಿ ಹೊರಟಿರಲಿಲ್ಲ, ಕೆಲಸ ಮಾಡುತ್ತಿದ್ದರು. ಕೆಲಸದ ಮೇಲಿದ್ದರೋ ಇಲ್ಲವೋ ಎಂದು ಮಂಡಳಿ ಇನ್ನೂ ತೀರ್ಮಾನಿಸಿಲ್ಲ. ನನ್ನ ನೇಮಕ ಮುಂದುವರಿಯುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಅಂಕೋಲೆಯಿಂದ ಅಕ್ಕ ಫೋನು ಮಾಡುತ್ತಾಳೆ. "ಬಂದ್ಬಿಡೋ ಇಲ್ಲಿಗೆ. ಅಲ್ಲಿ ನಿನ್ನವರು ಅಂತ ಯಾರಿದ್ದಾರೆ?" ಅಂಕೋಲೆಯಲ್ಲಿ ಅಕ್ಕನಿದ್ದಾಳೆ, ಕಡಲಿದೆ, ಕುಚ್ಚಲಕ್ಕಿಯ ಗಂಜಿಯಿದೆ. ಆದರೆ ಅಲ್ಲಿ ಸರ್ವಮಂಗಳಾ ಮೇಡಂ ಎಂದರೆ ಯಾರೆಂದು ಮೊದಲಿನಿಂದ ಹೇಳಬೇಕು. ಇಲ್ಲಿ ಹಾಗಲ್ಲ. ಆದರೂ ಕಾರ್ಯದರ್ಶಿಗಳಿಗೆ ನಾನು ಹೊರಗಿನವನು. ಅಕ್ಕನಿಗೆ ಉತ್ತರ ಕೊಟ್ಟಿಲ್ಲ.

ನಾನು ಹೋದರೂ ಇದು ಅಳಿಯಬಾರದೆಂದು ಬರೆದಿಡುತ್ತಿದ್ದೇನೆ. ಆ ಸಂಜೆ ಇದನ್ನು ಕಂಡವರು: ಬಸ್ಸಿನ ಮುಂದಿನ ಗಾಜಿನಿಂದ ಶಬಾನಾ, ಬಾಗಿಲಲ್ಲಿ ನಿಂತಿದ್ದ ಹನುಮಂತಪ್ಪ, ಗಾಡಿಯ ಹಿಂದೆ ನಿಂಗಮ್ಮ. ಮೂವರೂ ಇದ್ದಾರೆ. ಕೇಳಿದರೆ ಹೇಳುತ್ತಾರೆ.